ಡೇರೆ ಪಾತಿ: ಹೆಸರಿನ ಬಿಲ್ಲೆ ಕಟ್ಟುವ ಹಂತ

ಡೇರೆ ಹೂವಿನ (ಡೇಲಿಯ) ಗೆಡ್ಡೆ ಊರಿ, ನಾಲ್ಕು ಜೊತೆ ಎಲೆ ಬಂದಮೇಲೆ ಕುಡಿ ಚಿವುಟಿ ಆಗಿದೆ. ಈಗ ಗಿಡಗಳಿಗೆ ಬಿಲ್ಲೆ. ಒಂದು ಮಗ್ಗುಲಲ್ಲಿ ತಳಿ, ಇನ್ನೊಂದರಲ್ಲಿ ಹೂವಿನ ಹೆಸರು ಬಂದ ದಾರಿ.

ಮೆಕ್ಸಿಕೋದ ಬೀಜದಿಂದ ಮ್ಯಾಡ್ರಿಡ್‌ನಲ್ಲಿ ಬೆಳೆದ ಗಿಡಕ್ಕೆ ಸಸ್ಯವಿಜ್ಞಾನಿ ಕವನೀಯೆಸ್ 1791ರಲ್ಲಿ ಡೇಲಿಯ ಎಂದು ಹೆಸರಿಟ್ಟರು. ಅದು ಸಸ್ಯವಿಜ್ಞಾನಿ ಲಿನೇಯಸ್‌ನ ಶಿಷ್ಯ, ಸ್ವೀಡನ್ನಿನ ಆಂಡರ್ಸ್ ದಾಲ್ ನೆನಪಿಗೆ. ದಾಲ್ 1789ರಲ್ಲೇ ತೀರಿಕೊಂಡಿದ್ದರು. ಸ್ವೀಡಿಷ್‌ನಲ್ಲಿ ದಾಲ್ ಅಂದರೆ ಕಣಿವೆ. ಹಾಗೆಂದು ‘ಕಣಿವೆಯ ಹೂ’ ಎಂದು ಬಿಲ್ಲೆಯಲ್ಲಿ ಬರೆಯುವುದು ತಪ್ಪು. ಬ್ರಿಟಿಷರ ಬಾಯಲ್ಲಿ ಹೆಸರಿನ ‘ದಾ’ ‘ಡೇ’ ಆಯಿತು, ಮಲೆನಾಡಿನಲ್ಲಿ ಹೂವೇ ಡೇರೆ ಆಯಿತು. ರಷ್ಯನ್ನರು ಮಾತ್ರ ಇಂದಿಗೂ ಗಿಯೊರ್ಗಿನ್ ಅನ್ನುತ್ತಾರೆ. ಬರ್ಲಿನ್ನಿನ ಸಸ್ಯವಿಜ್ಞಾನಿ ವಿಲ್ಡೆನೋ ಇಟ್ಟ ಬದಲಿ ಹೆಸರು ಅಲ್ಲಿ ಉಳಿದುಕೊಂಡಿತು.

ತೋಟದ ಕೆಲಸಕ್ಕೆ ಬರುವುದು ಇವೆಲ್ಲಕ್ಕಿಂತ ಹಳೆಯದಾದ, ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯ ಹೆಸರು: ಅಕೊಕೊತ್ಲಿ, ಅಂದರೆ ನೀರಿನ ಕೊಳವೆ. ಡೇರೆಯ ದಂಟು ಪೊಳ್ಳು. ಹೂ ಕೊಯ್ದು ಉದ್ದ ಮೋಟು ಬಿಟ್ಟರೆ ಮಳೆನೀರು ಅದರಲ್ಲಿ ನಿಂತು, ಕೊಳೆ ಕೆಳಗಿಳಿದು ಗೆಡ್ಡೆಯ ಕುತ್ತಿಗೆ ಮುಟ್ಟುತ್ತದೆ. ಮೊಳೆಯುವ ಕಣ್ಣುಗಳಿರುವುದು ಆ ಕುತ್ತಿಗೆಯಲ್ಲೇ. ಅದು ಹೋದರೆ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರದು. ಆದ್ದರಿಂದ ಕೊಯ್ಲು ಗಿಣ್ಣಿಗೆ ತಾಗಿದಂತೆ, ಓರೆಯಾಗಿ. ದಪ್ಪ ದಂಟು ಕತ್ತರಿಸಬೇಕಾದರೆ ತುದಿಗೆ ಅಂಟುಮಣ್ಣು ಮೆತ್ತಿ. ಪಾತಿಯನ್ನೂ ಎಂಟು ಇಂಚು ಏರಿಸಿದೆ. ಗೆಡ್ಡೆ ನಾಲ್ಕು ಇಂಚು ಆಳದಲ್ಲಿ, ಗಿಡದಿಂದ ಗಿಡಕ್ಕೆ ಎರಡು ಅಡಿ. ಐದಡಿಯ ಆಸರೆ ಕೋಲನ್ನು ಊರುವಾಗಲೇ ನೆಟ್ಟಿದೆ, ಆಮೇಲೆ ಚುಚ್ಚಿದರೆ ಗೆಡ್ಡೆ ಸೀಳುತ್ತದೆ.

ಬಿಲ್ಲೆಗೆ ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿ ಸಾಕು. ಒಂದು ಇಂಚು ಅಗಲ, ನಾಲ್ಕು ಇಂಚು ಉದ್ದ ಕತ್ತರಿಸಿ, ಅಂಚು ಮಡಚಿ, ಮಡಿಸಿದ ಪತ್ರಿಕೆಯ ಮೇಲಿಟ್ಟು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬೇಕು. ಮಾರ್ಕರ್ ಬಿಸಿಲಿಗೆ ಮಾಸುತ್ತದೆ. ತಂತಿಯನ್ನು ಕೋಲಿಗೆ ಕಟ್ಟಿ. ದಂಟಿಗೆ ಕಟ್ಟಿದರೆ ಅದು ದಪ್ಪವಾದಂತೆ ಕೊರೆಯುತ್ತದೆ. ತಳಿ ಗೊತ್ತಿಲ್ಲದ ಗಿಡಕ್ಕೆ ಬಣ್ಣ, ಎಸಳಿನ ಆಕಾರ ಬರೆದರೆ ಸಾಕು. ತೋಟದ ಡೇರೆಗಳು ಮಿಶ್ರತಳಿಗಳು, ಅವಕ್ಕೆ ಕಾಡುಜಾತಿಯ ಹೆಸರು ಹೊಂದುವುದಿಲ್ಲ.

ಎಲೆ ಒಣಗಿದಮೇಲೆ ಗೆಡ್ಡೆ ಅಗೆಯುವುದು ಮುಂದಿನ ಕೆಲಸ. ಆರು ಇಂಚು ದಂಟು ಉಳಿಸಿ, ಕೊಳವೆಯ ನೀರು ಬಸಿಯುವಂತೆ ಕೆಲವು ದಿನ ತಲೆಕೆಳಗಾಗಿ ನೆರಳಲ್ಲಿ ಇಟ್ಟು, ಬಳಿಕ ಒಣ ಮರಳಿನಲ್ಲಿ. ಬಿಲ್ಲೆ ಆಗ ಕೋಲಿನಿಂದ ಗೆಡ್ಡೆಗೆ.