ಅಡಿಕೆ ಒಣಗುವ ಪರ್ಸೆಂಟ್ ಮಿಷನ್: 38ನೇ ದಿನದ ಅಪ್ಡೇಟ್

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೇನೆ. ಕಾಸರಗೋಡಿನ ಬದಿಯಡ್ಕ ಹತ್ರ ನಮ್ಮ ಮನೆ, ಅಂಗಳದಲ್ಲಿ ಹಣ್ಣಡಿಕೆ ಹಾಕಿದ್ರೆ ಒಣಗ್ಲಿಕ್ಕೆ 35-40 ದಿನದ ಬಿಸಿಲು ಬೇಕು, ಅದ್ರಲ್ಲಿ ಸರಿಯಾಗಿ 1000 ಗ್ರಾಂ ಬೇರೆ ತೆಗೆದು ಬುಟ್ಟಿಗೆ ಹಾಕಿ ದಿನಾ ಸಂಜೆ ಲೋಡ್ ಸೆಲ್ಲಿಗೆ (ತೂಕ ಅಳೆಯುವ ಸೆನ್ಸರ್) ನೇತು ಹಾಕುದು, ತೂಕ ಎಷ್ಟು ಪರ್ಸೆಂಟ್ ಇಳೀತು ಅಂತ ಆರ್ಡುಯಿನೋ ಉನೋ ಅನ್ನುವ ಚಿಕ್ಕ ಕಂಪ್ಯೂಟರ್ ಬೋರ್ಡ್ ತೋರಿಸ್ಬೇಕು. ಇಷ್ಟೇ.

ಮೊದಲ ನಾಲ್ಕು ದಿನ ಬರೀ 0. ಪಕ್ಕದ ಮನೆಯ ಮಲಯಾಳಿ ದೋಸ್ತ್ ಬಂದು 'ಎತ್ರ ಶತಮಾನಂ ಉಣಙ್ಙಿ?' ಅಂತ ಕೇಳಿದ, ಎಷ್ಟು ಪರ್ಸೆಂಟ್ ಒಣಗಿತು ಅಂತ, ಅವರಲ್ಲಿ ಶತಮಾನಂ ಅಂದ್ರೆ ಪರ್ಸೆಂಟ್, ಒಳಗಿಂದ ಅಮ್ಮ 'ಹೌದು, ಇದು ಒಣಗ್ಲಿಕ್ಕೆ ಒಂದು ಶತಮಾನವೇ ಬೇಕು' ಅಂದ್ರು. ತಪ್ಪು ನನ್ನದೇ. ಇಳಿದದ್ದು / ಮೊದಲಿನದ್ದು * 100 ಅಂತ ಪ್ರೋಗ್ರಾಮಲ್ಲಿ ಬರೆದಿದ್ದೆ, ಎರಡೂ ಇಂಟ್, ಅಂದ್ರೆ ದಶಮಾಂಶ ಬಿಟ್ಟು ಪೂರ್ಣ ಸಂಖ್ಯೆ ಮಾತ್ರ ಇಡುವ ಜಾತಿ. 96ನ್ನು 1000ದಿಂದ ಭಾಗಿಸಿದ್ರೆ ಇಂಟಲ್ಲಿ 0, ಆಮೇಲೆ ಅದಕ್ಕೆ ನೂರಲ್ಲ, ಸಾವಿರದಿಂದ ಗುಣಿಸಿದ್ರೂ 0 ತಾನೇ. ಮೊದಲು 100ರಿಂದ ಗುಣಿಸಿ ಆಮೇಲೆ ಭಾಗಿಸಿದೆ, 9 ಬಂತು, ಖುಷಿ.

ಆ ಖುಷಿ ಉಳಿದದ್ದು ಒಂದು ವಾರ. ಒಂದು ಸಂಜೆ 31 ಇತ್ತು, ಮರುದಿನ -31! ನಂಬರ್ ಅದೇ, ಮೈನಸ್ ಮಾತ್ರ ಹೊಸತು, ಹಾಗಾಗಿ ಡಿಸ್ಪ್ಲೇ ವಯರ್ ಲೂಸ್ ಆಗಿದೆ ಅಂತ ರಾತ್ರಿ ಹನ್ನೊಂದರ ತನಕ ಒಂದೊಂದೇ ಜಂಪರ್ ಕಿತ್ತು ಹಾಕಿದೆ ಮಾರಾಯ್ರೆ. ವಯರಿಗೂ ಇದಕ್ಕೂ ಸಂಬಂಧವೇ ಇಲ್ಲ. ಉನೋದಲ್ಲಿ ಇಂಟ್ ಅಂದ್ರೆ 16 ಬಿಟ್, 32767ರ ಆಚೆ ಹೋಗುದಿಲ್ಲ, ದಾಟಿದ್ರೆ ಮೈನಸ್ ಕಡೆಯಿಂದ ಸುತ್ತಿ ಬರ್ತದೆ. ಆ ದಿನ ತೂಕ ಇಳಿದದ್ದು 345 ಗ್ರಾಂ, ನೂರರಿಂದ ಗುಣಿಸಿದ್ರೆ 34500, ಅದು ಸುತ್ತು ಹೊಡೆದು -31036 ಆಗಿ ಕೂತಿತ್ತು, 1000ದಿಂದ ಭಾಗಿಸಿದ್ರೆ -31. ಹಿಂದಿನ ದಿನದ ನಂಬರಿಗೆ ಹೊಂದಿದ್ದು ಬರೀ ಕಾಕತಾಳೀಯ. ಅಂದ್ರೆ ಮೊದಲ ತಪ್ಪಿಗೆ ಮಾಡಿದ ರಿಪೇರಿಯೇ ಎರಡನೇ ತಪ್ಪು. 100ರ ನಂತರ ಒಂದು 'ಎಲ್' ಹಾಕಿದೆ (100L), ಲಾಂಗ್ ಲೆಕ್ಕ ಆಯ್ತು, ಅಂದ್ರೆ ದೊಡ್ಡ ನಂಬರ್ ಹಿಡಿಯುವ ಜಾತಿ, ಸರಿಯಾಯ್ತು. ಫ್ಲೋಟ್ (ದಶಮಾಂಶದ ನಂಬರ್) ಹಾಕ್ಬಹುದಿತ್ತಲ್ಲ ಅಂತ ಕೇಳುವವರಿಗೆ: ಹಾಕಿ ನೋಡಿದೆ, ನಂಬರನ್ನು ಡಿಸ್ಪ್ಲೇಗೆ ಬರಹ ಮಾಡಿ ಕೊಡುವ ಉನೋದ ಸ್ಪ್ರಿಂಟ್‌ಎಫ್ ನಂಬರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ತೋರಿಸ್ತು. ಹಾಂ, ಅದ್ರಲ್ಲೇ % ಚಿಹ್ನೆ ಬರ್ಬೇಕಾದ್ರೆ %% ಅಂತ ಎರಡು ಸಲ ಬರೀಬೇಕು.

ಈಗ ಇವತ್ತಿನದ್ದು. ಡಿಸ್ಪ್ಲೇಯಲ್ಲಿ 63. ಅಪ್ಪ ಬುಟ್ಟಿಯಿಂದ ಒಂದು ಅಡಿಕೆ ತೆಗೆದು ಕಿವಿ ಹತ್ರ ಅಲ್ಲಾಡಿಸಿದ್ರು, ಒಳಗೆ ಗಲಗಲ. 'ಇದು ಆಯ್ತು. ನಿನ್ನ ಮಿಷನಿಗೆ ಇನ್ನೂ 37 ಬಾಕಿ ಉಂಟಾ?' ಅಂದ್ರು. ಎಂತ ಹೇಳುದು. ನಾನು ತೋರಿಸ್ತಾ ಇದ್ದದ್ದು ತೂಕ ಇಳಿದ ಪರ್ಸೆಂಟ್, ಅವರಿಗೆ ಬೇಕಾದ್ದು ಒಣಗುವ ಕೆಲಸ ಎಷ್ಟು ಮುಗೀತು ಅಂತ. ನನ್ನ ಲೆಕ್ಕದಲ್ಲಿ 100 ಬರ್ಬೇಕಾದ್ರೆ ಬುಟ್ಟಿಯಲ್ಲಿ ಅಡಿಕೆಯೇ ಇರ್ಬಾರ್ದು.

ಒಟ್ಟು ಇಳಿದದ್ದು 634 ಗ್ರಾಂ. ಮುಂದಿನ ಕೊಯ್ಲಿಗೆ ಲೆಕ್ಕದಲ್ಲಿ ಭಾಗಿಸುವ 1000 ತೆಗೆದು ಆ ಜಾಗಕ್ಕೆ 634 ಹಾಕಿದ್ದೇನೆ. ಪ್ರತಿ ಕೊಯ್ಲಿನ ಅಡಿಕೆಯಲ್ಲಿ ನೀರು ಒಂದೇ ತರ ಇರುದಿಲ್ಲ, ಹಾಗಾಗಿ 104 ಅಂತ ಬಂದ್ರೂ ಬಂತು. ಡಿಸ್ಪ್ಲೇಯ ಎರಡನೇ ಸಾಲಲ್ಲಿ ಗ್ರಾಂ ಹಾಗೇ ಇಟ್ಟಿದ್ದೇನೆ, ಅಪ್ಪ ಅದನ್ನೇ ನೋಡುದು.