ಶಾಲೆಯಲ್ಲಿ ದುಡಿಯುವವರ ಆರೋಗ್ಯ: ತಿಂಗಳಿಗೊಂದೇ ಮಾತು

ಶಾಲಾ ಸಿಬ್ಬಂದಿಗೆ ತಿಂಗಳಿಗೊಮ್ಮೆ ಬರುವ ಆರೋಗ್ಯ ಸೂಚನೆಗಳಲ್ಲಿ ಬಹುಪಾಲು ಯಾವ ಕಚೇರಿಗೆ ಕಳುಹಿಸಿದರೂ ನಡೆಯುವಂಥವು. ಹೆಚ್ಚು ನೀರು ಕುಡಿಯಿರಿ, ಆಗಾಗ ಎದ್ದು ಓಡಾಡಿ, ದೀರ್ಘವಾಗಿ ಉಸಿರಾಡಿ, ಚೆನ್ನಾಗಿ ನಿದ್ದೆ ಮಾಡಿ ಎಂಬ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಶಾಲೆಯ ದಿನವನ್ನು ನಡೆಸುವುದು ಗಂಟೆ. ತರಗತಿ ತುಂಬ ಮಕ್ಕಳನ್ನು ಬಿಟ್ಟು ಶಿಕ್ಷಕಿ ತನಗೆ ಬೇಕೆನಿಸಿದಾಗ ಹೊರಗೆ ಬರುವಂತಿಲ್ಲ. ಅಡುಗೆಮನೆಯವರು ಊಟದ ಗಂಟೆಗೆ ಮುನ್ನ ಕೈ ನಿಲ್ಲಿಸುವಂತಿಲ್ಲ. ಬಸ್ಸಿನ ಚಾಲಕರು ಮಕ್ಕಳನ್ನು ಇಳಿಸಿ ಮುಗಿಯುವವರೆಗೆ ಆಸನ ಬಿಡುವಂತಿಲ್ಲ. ಹೀಗಿರುವಾಗ ಹತ್ತು ಸಲಹೆಗಳನ್ನು ಒಂದೇ ಪುಟದಲ್ಲಿ ತುಂಬಿ ಕಳುಹಿಸಿದರೆ ಒಂದೂ ಆಚರಣೆಗೆ ಬರುವುದಿಲ್ಲ. ತಿಂಗಳಿಗೆ ಒಂದೇ ವಿಷಯವಿರಬೇಕು, ಅದು ಆ ತಿಂಗಳ ಕೆಲಸಕ್ಕೆ ಹೊಂದಿರಬೇಕು, ಮತ್ತು ನೌಕರರು ಏನು ಮಾಡಬೇಕು ಎಂಬುದರ ಪಕ್ಕದಲ್ಲೇ ಆಡಳಿತದವರು ಏನು ಮಾಡಿಕೊಡಬೇಕು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಬರೆದಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಶಾಲಾ ವರ್ಷದ ಉದ್ದಕ್ಕೂ ಅಂಥ ಸೂಚನೆಗಳಲ್ಲಿ ಏನೇನು ಇರಬೇಕೆಂದು ನಾನು ಬಯಸುತ್ತೇನೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಾಲೆ ಆರಂಭವಾಗುವ ತಿಂಗಳಿನ ವಿಷಯ ಧ್ವನಿಯೇ ಆಗಿರಬೇಕು. ಬಿಡುವಿನಲ್ಲಿ ವಿಶ್ರಾಂತಿ ಪಡೆದ ಗಂಟಲು ಮೊದಲ ದಿನದಿಂದಲೇ ದಿನಕ್ಕೆ ನಾಲ್ಕೈದು ತಾಸು ಗಟ್ಟಿಯಾಗಿ ಮಾತನಾಡಲು ತೊಡಗುತ್ತದೆ; ಹೊಸ ಮಕ್ಕಳಿಗೆ ಶಿಸ್ತು ಕಲಿಸುವ ಆ ದಿನಗಳಲ್ಲಿಯೇ ಗದ್ದಲವೂ ಹೆಚ್ಚು. ನಾವು ಮಾತನಾಡುವಾಗ ಗಂಟಲಿನ ಎರಡು ಸ್ವರತಂತುಗಳು ಒಂದಕ್ಕೊಂದು ತಾಗಿ ಬಿಡುತ್ತಿರುತ್ತವೆ, ಅದೂ ಸೆಕೆಂಡಿಗೆ ಪುರುಷರಲ್ಲಿ ಸುಮಾರು 100ರಿಂದ 120 ಬಾರಿ, ಮಹಿಳೆಯರಲ್ಲಿ ಸುಮಾರು 200 ಬಾರಿ. ಧ್ವನಿ ಏರಿಸಿದಷ್ಟೂ ಆ ತಾಕಲಾಟ ಬಿರುಸಾಗುತ್ತದೆ. ಸ್ವರತಂತುಗಳ ಮೇಲೆ ಸಣ್ಣ ಗಂಟುಗಳು ಏಳುವ ತೊಂದರೆ ಮಹಿಳೆಯರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳಲು ಅವರ ಸ್ವರತಂತುಗಳು ಸೆಕೆಂಡಿಗೆ ಹೆಚ್ಚು ಬಾರಿ ತಾಗುವುದೂ ಒಂದು ಕಾರಣ. ಬೇರೆ ವೃತ್ತಿಗಳವರಿಗಿಂತ ಶಿಕ್ಷಕರಲ್ಲಿ ಧ್ವನಿಯ ತೊಂದರೆ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಆದರೂ ಸ್ವರ ಬಿದ್ದುಹೋಗುವುದನ್ನು ವೃತ್ತಿಯ ಸಹಜ ಭಾಗವೆಂದು ಒಪ್ಪಿಕೊಂಡು, ಬಿಸಿನೀರು ಕುಡಿದು ಮರುದಿನ ಮತ್ತೆ ಅದೇ ಗಂಟಲಿನಲ್ಲಿ ಪಾಠ ಮಾಡುವವರೇ ಹೆಚ್ಚು. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಗದ್ದಲದಲ್ಲಿ ಧ್ವನಿ ತಾನಾಗಿಯೇ ಏರುತ್ತದೆ ಎಂಬುದನ್ನು ಫ್ರಾನ್ಸಿನ ಕಿವಿ, ಮೂಗು, ಗಂಟಲು ತಜ್ಞ ಎಟಿಯೆನ್ ಲೊಂಬಾರ್ 1911ರಲ್ಲಿಯೇ ಪ್ರಕಟಿಸಿದ್ದರು. ಅಂದರೆ ಜೋರಾಗಿ ಮಾತನಾಡಬೇಡಿ ಎಂದು ಶಿಕ್ಷಕರಿಗೆ ಹೇಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಕೋಣೆಯ ಸದ್ದು ತಗ್ಗಿದರೆ ಮಾತ್ರ ಧ್ವನಿಯೂ ತಗ್ಗುತ್ತದೆ. ತರಗತಿಯಲ್ಲಿ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. ಕಿರುಗುಟ್ಟುವ ಫ್ಯಾನು, ಎಳೆದಾಗ ಕೀಚಲು ಸದ್ದು ಮಾಡುವ ಕುರ್ಚಿಗಳು, ಮುಚ್ಚದ ಬಾಗಿಲು, ಬರಿಯ ಗೋಡೆಗಳಿಂದ ಏಳುವ ಮಾರ್ದನಿ ಇವೆಲ್ಲ ಸೇರಿ ಆ ಮಿತಿಯನ್ನು ಸುಲಭವಾಗಿ ದಾಟಿಸುತ್ತವೆ. ಫ್ಯಾನಿಗೆ ಎಣ್ಣೆ ಬಿಡುವುದು, ಕುರ್ಚಿಯ ಕಾಲುಗಳಿಗೆ ರಬ್ಬರ್ ಹಾಕಿಸುವುದು, ದೊಡ್ಡ ತರಗತಿಗಳಿಗೆ ಚಿಕ್ಕ ಮೈಕ್ ಒದಗಿಸುವುದು ಆಡಳಿತದ ಕೆಲಸ, ಮತ್ತು ಆ ತಿಂಗಳ ಸೂಚನೆಯಲ್ಲಿ ಇದು ಮೊದಲ ಸಾಲಿನಲ್ಲಿಯೇ ಇರಬೇಕು. ಮೈಕ್ ಕೇಳುವುದು ಅಸಾಮರ್ಥ್ಯದ ಗುರುತು ಎಂಬ ಸಂಕೋಚ ಹಿರಿಯ ಶಿಕ್ಷಕರಲ್ಲಿ ಇನ್ನೂ ಇದೆ. ಕೇಳಲು ಕಾಯದೆ ಶಾಲೆಯೇ ಕೊಟ್ಟರೆ ಆ ಸಂಕೋಚಕ್ಕೆ ಎಡೆಯಿರುವುದಿಲ್ಲ.

ಶಿಕ್ಷಕರು ತಾವೇ ಮಾಡಿಕೊಳ್ಳಬಹುದಾದ ಅಭ್ಯಾಸಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಸ್ಟ್ರಾ ಅಭ್ಯಾಸವನ್ನು. ತಂಪು ಪಾನೀಯಕ್ಕೆ ಬಳಸುವ ಸಾಧಾರಣ ಸ್ಟ್ರಾ ಒಂದನ್ನು ತುಟಿಗಳ ನಡುವೆ ಗಾಳಿ ಸೋರದಂತೆ ಹಿಡಿದು, ಅದರ ಮೂಲಕ ಊ ಎಂದು ಹಿತವಾಗಿ ಗುಂಯ್‌ಗುಡಬೇಕು. ಗಾಳಿಯೆಲ್ಲ ಸ್ಟ್ರಾದಿಂದಲೇ ಹೊರಬರಬೇಕು. ಮೂಗನ್ನು ಒಮ್ಮೆ ಹಿಡಿದು ನೋಡಿದರೆ ಅಲ್ಲಿಂದ ಸೋರುತ್ತಿದೆಯೇ ಎಂಬುದು ತಿಳಿಯುತ್ತದೆ. ಬಳಿಕ ಸ್ವರವನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಜಾರಿಸಬೇಕು. ಕಿರಿದಾದ ದಾರಿಯಲ್ಲಿ ತಡೆದ ಗಾಳಿಯ ಒತ್ತಡ ಹಿಂದಕ್ಕೆ ಮರಳಿ ಸ್ವರತಂತುಗಳನ್ನು ಮೇಲಿನಿಂದ ಆತುಕೊಳ್ಳುವುದರಿಂದ ಅವು ಬಲವಾಗಿ ಬಡಿದುಕೊಳ್ಳದೆ ಕಂಪಿಸುತ್ತವೆ. ಧ್ವನಿ ವಿಜ್ಞಾನಿ ಇಂಗೋ ಟಿಟ್ಜೆ ಈ ಕ್ರಮವನ್ನು ಬಹಳವಾಗಿ ಪ್ರಚಾರಕ್ಕೆ ತಂದವರು. ಪ್ರಾರ್ಥನೆಗೆ ಮುನ್ನ ಒಂದೆರಡು ನಿಮಿಷ, ಊಟದ ಬಿಡುವಿನಲ್ಲಿ ಒಂದೆರಡು ನಿಮಿಷ ಸಾಕು. ಇದರ ಜೊತೆಗೆ, ಗಂಟಲು ಕೆರೆದಾಗ ಕ್ಯಾಕರಿಸುವ ಬದಲು ಒಂದು ಗುಟುಕು ನೀರು ನುಂಗುವುದು ಒಳ್ಳೆಯದು. ಧ್ವನಿ ಕಟ್ಟಿದಾಗ ಪಿಸುಗುಟ್ಟುವುದೂ ಗಂಟಲಿಗೆ ವಿಶ್ರಾಂತಿಯಲ್ಲ, ಒತ್ತಿ ಪಿಸುಗುಟ್ಟಿದರೆ ಆಯಾಸ ಇನ್ನೂ ಹೆಚ್ಚುತ್ತದೆ. ನಾಲ್ಕು ವಾರ ಕಳೆದರೂ ಧ್ವನಿ ಒಡಕಾಗಿಯೇ ಉಳಿದರೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಲೇಬೇಕು. ಧೂಮಪಾನಿಗಳು, ಕತ್ತಿನಲ್ಲಿ ಗಡ್ಡೆ ಕಂಡವರು, ನುಂಗಲು ಕಷ್ಟವಾಗುವವರು ಅಷ್ಟು ದಿನವೂ ಕಾಯಬಾರದು.

ಎರಡನೆಯದು ಯಾವ ಸೂಚನೆಯಲ್ಲಿಯೂ ಬರೆಯಲು ಹಿಂಜರಿಯುವ ವಿಷಯ: ಶೌಚಾಲಯ. ಎರಡನೆಯ ಪಿರಿಯಡ್ ಮುಗಿದ ಗಂಟೆ ಬಾರಿಸುತ್ತದೆ. ನಾಲ್ಕು ಮಕ್ಕಳು ನೋಟ್‌ಬುಕ್ ಹಿಡಿದು ಮೇಜಿನ ಸುತ್ತ ನಿಲ್ಲುತ್ತಾರೆ, ಹಾಜರಿ ಪುಸ್ತಕ ಇನ್ನೂ ತೆರೆದೇ ಇದೆ, ಮುಂದಿನ ತರಗತಿ ಮೇಲಿನ ಮಹಡಿಯಲ್ಲಿದೆ, ಸಿಬ್ಬಂದಿಯ ಶೌಚಾಲಯ ಕೆಳಗೆ ಇನ್ನೊಂದು ತುದಿಯಲ್ಲಿದೆ. ಶಿಕ್ಷಕಿ ಮೆಟ್ಟಿಲು ಹತ್ತುತ್ತಾರೆ. ಇದು ದಿನವೂ ನಡೆದಾಗ ಅವರು ಕಂಡುಕೊಳ್ಳುವ ಪರಿಹಾರವೆಂದರೆ ಬೆಳಗಿನಿಂದ ನೀರು ಕುಡಿಯದೇ ಇರುವುದು. ವಯಸ್ಕರ ಮೂತ್ರಕೋಶ ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ, ಅದರ ಅರ್ಧದಷ್ಟು ತುಂಬುವಾಗಲೇ ಒತ್ತಡ ತಿಳಿಯತೊಡಗುತ್ತದೆ. ನೀರು ಕಡಿಮೆ ಕುಡಿದು, ಗಂಟೆಗಟ್ಟಲೆ ಕಟ್ಟಿಕೊಂಡೇ ಇರುವುದರಿಂದ ಮೂತ್ರನಾಳದ ಸೋಂಕಿನ ಅಪಾಯ ಹೆಚ್ಚುತ್ತದೆ, ಮುಖ್ಯವಾಗಿ ಮಹಿಳೆಯರಲ್ಲಿ. ತಲೆನೋವು, ಮಲಬದ್ಧತೆ, ಗಂಟಲು ಒಣಗುವುದು ಇದರ ಬೆನ್ನಿಗೇ ಬರುತ್ತವೆ. ಗರ್ಭಿಣಿಯರ, ಮುಟ್ಟಿನ ದಿನಗಳಲ್ಲಿರುವವರ, ಸಕ್ಕರೆ ಕಾಯಿಲೆಯವರ ಪಾಡು ಇನ್ನೂ ಕಷ್ಟದ್ದು.

ಇಂಥವರಿಗೆ ಹೆಚ್ಚು ನೀರು ಕುಡಿಯಿರಿ ಎಂದಷ್ಟೇ ಬರೆದು ಕಳುಹಿಸುವುದು ಅರ್ಧ ಸಲಹೆ. ಉಳಿದರ್ಧ ವೇಳಾಪಟ್ಟಿಯಲ್ಲಿದೆ. ಒಬ್ಬರಿಗೇ ಮೂರು ಪಿರಿಯಡ್‌ಗಳು ಬೆನ್ನುಬೆನ್ನಿಗೆ ಬೀಳದಂತೆ ನೋಡಿಕೊಳ್ಳುವುದು, ಬೀಳಲೇಬೇಕಾದರೆ ಪಕ್ಕದ ತರಗತಿಯವರು ಅಥವಾ ಆ ಹೊತ್ತು ಬಿಡುವಿರುವ ಒಬ್ಬರು ಐದು ನಿಮಿಷ ಬಾಗಿಲಲ್ಲಿ ನಿಲ್ಲುವ ವ್ಯವಸ್ಥೆಯನ್ನು ಹೆಸರು ಸಹಿತ ಗೊತ್ತುಮಾಡುವುದು, ಇವಕ್ಕೆ ಹಣ ಬೇಕಿಲ್ಲ. ಕೇಳಿದರೆ ಕೊಡುತ್ತೇವೆ ಎಂಬ ಮಾತು ಇಲ್ಲಿ ಸಾಲದು. ಮುಖ್ಯ ಶಿಕ್ಷಕರ ಬಳಿ ಹೋಗಿ ಇದನ್ನು ಕೇಳುವ ಹೊಸ ಶಿಕ್ಷಕಿ ಸಿಗುವುದು ಅಪರೂಪ. ಉರಿ, ಜ್ವರ, ಸೊಂಟದ ಪಕ್ಕದಲ್ಲಿ ನೋವು, ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು ಎಂಬುದನ್ನು ಅದೇ ಪುಟದಲ್ಲಿ ನಾಚಿಕೆಯಿಲ್ಲದೆ ಬರೆಯಬೇಕು.

ಬಿಪಿ ತಪಾಸಣೆಯ ತಿಂಗಳಿನ ಬಗ್ಗೆ ಒಂದು ಮಾತು. ರಕ್ತದೊತ್ತಡ ಏರಿದ್ದರೂ ಬಹಳ ಮಂದಿಗೆ ಯಾವ ಲಕ್ಷಣವೂ ಕಾಣದ ಕಾರಣ ಶಾಲೆಯಲ್ಲಿಯೇ ಅಳೆಯುವ ಏರ್ಪಾಡು ಬಹಳ ಉಪಯುಕ್ತ. ಆದರೆ ಅದನ್ನು ಸಾಮಾನ್ಯವಾಗಿ ಇಂಟರ್‌ವಲ್‌ನಲ್ಲಿ ನಡೆಸುತ್ತಾರೆ: ಮೆಟ್ಟಿಲಿಳಿದು ಬಂದವರನ್ನು ಹಾಗೆಯೇ ಕೂರಿಸಿ, ಅಕ್ಕಪಕ್ಕದವರು ಮಾತನಾಡುತ್ತಿರುವಾಗ, ತೋಳಿನ ಬಟ್ಟೆಯ ಮೇಲೆಯೇ ಪಟ್ಟಿ ಸುತ್ತಿ ಅಳೆಯುತ್ತಾರೆ. ಹೀಗೆ ಸಿಕ್ಕ ಅಂಕಿ ನಂಬಲು ಯೋಗ್ಯವಲ್ಲ. ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆ, ಪಾದಗಳು ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲದೆ, ತೋಳು ಎದೆಯ ಮಟ್ಟಕ್ಕೆ ಆತುಕೊಂಡು, ಪಟ್ಟಿ ಬರಿಯ ತೋಳಿನ ಮೇಲೆ ಇರಬೇಕು. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಟೀ, ಸಿಗರೇಟು ಬೇಡ, ಅಳೆಯುವಾಗ ಮಾತು ಬೇಡ. ಮೂತ್ರಕೋಶ ತುಂಬಿದ್ದರೂ ಒತ್ತಡ ಏರುತ್ತದೆ ಎಂಬುದನ್ನು ಶಾಲೆಯವರು ವಿಶೇಷವಾಗಿ ನೆನಪಿಡಬೇಕು. ಒಂದೊಂದು ನಿಮಿಷ ಬಿಟ್ಟು ಎರಡು ಬಾರಿ ಅಳೆದು ಎರಡನ್ನೂ ಬರೆದುಕೊಡಬೇಕು. ಬೇರೆ ಬೇರೆ ಎರಡು ದಿನಗಳಲ್ಲಿ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಅದು ಅಧಿಕ ರಕ್ತದೊತ್ತಡ. ಅಂಕಿಗಳನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಬಾರದು. ಅದು ಆ ವ್ಯಕ್ತಿಯೊಬ್ಬರಿಗೇ ಸೇರಿದ ವಿಷಯ.

ನೆಗಡಿ, ಜ್ವರ ಹರಡುವ ತಿಂಗಳುಗಳಲ್ಲಿ ಕೈ ತೊಳೆಯುವುದನ್ನು ಎಲ್ಲರೂ ಬರೆಯುತ್ತಾರೆ. ಸಾಬೂನು ಹಚ್ಚಿ 20 ಸೆಕೆಂಡು ಉಜ್ಜಬೇಕು ಎಂಬಲ್ಲಿಗೆ ಅದನ್ನು ಮುಗಿಸಬಹುದು. ಬರೆಯದೆ ಬಿಡುವ ಸಂಗತಿಗಳೇ ಹೆಚ್ಚು ಮುಖ್ಯ. ವಾಂತಿಭೇದಿ ತರುವ ನೊರೊವೈರಸ್ ಸ್ಯಾನಿಟೈಸರ್‌ಗೆ ಸುಲಭವಾಗಿ ಬಗ್ಗುವುದಿಲ್ಲ, ಅದಕ್ಕೆ ಸಾಬೂನು ನೀರೇ ಬೇಕು, ಮತ್ತು ವಾಂತಿಭೇದಿ ನಿಂತ ಮೇಲೂ 48 ಗಂಟೆ ಮನೆಯಲ್ಲಿಯೇ ಇರುವುದು ಒಳ್ಳೆಯದು. ಫ್ಲೂ ಲಸಿಕೆ ಹಾಕಿಸಿಕೊಂಡ ಮೇಲೆ ರಕ್ಷಣೆ ಮೂಡಲು ಸುಮಾರು ಎರಡು ವಾರ ಹಿಡಿಯುವುದರಿಂದ ಕಾಯಿಲೆ ಹರಡಿದ ಬಳಿಕ ಸುತ್ತೋಲೆ ಹೊರಡಿಸಿದರೆ ತಡವಾದಂತೆಯೇ. ಜ್ವರ ಬಂದರೂ ಶಿಕ್ಷಕರು ಶಾಲೆಗೆ ಬರುವುದು ಬಹುಮಟ್ಟಿಗೆ ರಜೆ ಇಲ್ಲವೆಂದಲ್ಲ. ತಮ್ಮ ಬದಲಿಗೆ ಬರುವವರಿಗೆ ಪಾಠ ಸಿದ್ಧಪಡಿಸಿ ಕೊಡುವುದು ಬಂದು ಪಾಠ ಮಾಡುವುದಕ್ಕಿಂತ ಕಷ್ಟವೆಂದು. ಪ್ರತಿ ತರಗತಿಗೂ ಎರಡು ದಿನಕ್ಕಾಗುವಷ್ಟು ಪಾಠ, ಅಭ್ಯಾಸ ಹಾಳೆಗಳ ಫೈಲನ್ನು ವರ್ಷದ ಆರಂಭದಲ್ಲಿಯೇ ಕಚೇರಿಯಲ್ಲಿ ಇಟ್ಟಿದ್ದರೆ ಈ ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ.

ಬೋಧಕೇತರ ಸಿಬ್ಬಂದಿಯನ್ನು ಮರೆತ ಸೂಚನೆಯನ್ನು ನಾನು ಶಾಲೆಯ ಸೂಚನೆ ಎಂದೇ ಒಪ್ಪಲಾರೆ. ಶೌಚಾಲಯ ತೊಳೆಯುವವರಿಗೆ ಗೊತ್ತಿರಲೇಬೇಕಾದ ಒಂದು ಸಂಗತಿಯೆಂದರೆ, ಬ್ಲೀಚನ್ನು ಆ್ಯಸಿಡ್ ಇರುವ ಕ್ಲೀನರ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ, ಅಮೋನಿಯಾ ಜೊತೆ ಬೆರೆಸಿದರೆ ಕ್ಲೋರಮಿನ್ ಅನಿಲ ಹೊಮ್ಮುತ್ತದೆ. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಕಿಟಕಿಯಿಲ್ಲದ ಚಿಕ್ಕ ಕೋಣೆಯಲ್ಲಿ ಇದು ಪ್ರಾಣಕ್ಕೇ ಕುತ್ತಾಗಬಹುದು. ಡಬ್ಬಿಗಳ ಮೇಲಿನ ಅಕ್ಷರ ಓದಲಾರದವರಿಗೆ ಬಾಯಿಮಾತಿನಲ್ಲಿ, ಡಬ್ಬಿ ಮುಂದಿಟ್ಟುಕೊಂಡೇ ಹೇಳಿಕೊಡಬೇಕು. ಅಡುಗೆಮನೆಯಲ್ಲಿ ಕೈ ಸುಟ್ಟರೆ ಕೂಡಲೇ ಉಂಗುರ, ಬಳೆ ತೆಗೆದು ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಐಸ್, ಟೂತ್‌ಪೇಸ್ಟ್, ಬೆಣ್ಣೆ ಯಾವುದನ್ನೂ ಹಚ್ಚಬಾರದು. ಕೆಲಸದ ಗಡಿಬಿಡಿಯಲ್ಲಿ 20 ನಿಮಿಷ ಬಹಳ ಉದ್ದವೆನಿಸುತ್ತದೆ, ಆದ್ದರಿಂದ ಆ ಹೊತ್ತು ಅವರ ಕೆಲಸವನ್ನು ಯಾರು ನೋಡಿಕೊಳ್ಳಬೇಕು ಎಂಬುದೂ ಮೊದಲೇ ಗೊತ್ತಿರಬೇಕು. ಬಸ್ಸಿನ ಚಾಲಕರ ದಿನ ನಸುಕಿನಲ್ಲಿ ಆರಂಭವಾಗಿ ನಡುವೆ ಕಡಿದು ಸಂಜೆ ಮತ್ತೆ ಮುಂದುವರಿಯುತ್ತದೆ. ಜೋರಾಗಿ ಗೊರಕೆ ಹೊಡೆಯುವ, ರಾತ್ರಿ ಉಸಿರು ಕಟ್ಟಿದಂತಾಗಿ ಎಚ್ಚರಗೊಳ್ಳುವ, ಹಗಲು ತೂಕಡಿಸುವ ಚಾಲಕರು ನಿದ್ರಾ ಉಸಿರುಗಟ್ಟುವಿಕೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅದಕ್ಕೆ ಚಿಕಿತ್ಸೆಯಿದೆ. ಹೇಳಿಕೊಂಡರೆ ಕೆಲಸ ಹೋಗುತ್ತದೆ ಎಂಬ ಭಯವನ್ನು ಮೊದಲು ನಿವಾರಿಸದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಪರೀಕ್ಷೆಯ ತಿಂಗಳಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಮನೆಗೆ ಬರುತ್ತದೆ. ಕಣ್ಣಿಗೆ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಹಿತವಾದದ್ದು. ನಿದ್ದೆ ಏಳು ತಾಸಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಮೌಲ್ಯಮಾಪನ ಮುಗಿಸುವ ಕೊನೆಯ ದಿನಾಂಕವನ್ನು ನಿಗದಿ ಮಾಡುವವರು ಈ ಏಳು ತಾಸನ್ನು ಲೆಕ್ಕಕ್ಕೆ ತೆಗೆದುಕೊಂಡಿರಬೇಕು ಎಂಬುದನ್ನೂ ಸೇರಿಸುತ್ತೇನೆ.

ವರ್ಷದ ಕೊನೆಯ ಭಾಗಕ್ಕೆ ಮನಸ್ಸಿನ ದಣಿವಿನ ಮಾತು ಬರಬೇಕು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಅನ್ನು ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ವಿವರಿಸಿದಾಗ ಅದನ್ನು ಕಾಯಿಲೆ ಎಂದು ಕರೆಯಲಿಲ್ಲ. ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದಿತು. ಶಕ್ತಿ ಬತ್ತಿಹೋದ ಭಾವ, ಕೆಲಸದಿಂದ ಮನಸ್ಸು ದೂರ ಸರಿದು ಕಹಿಯಾಗುವುದು, ತನ್ನ ಕೈಲಿ ಏನೂ ಆಗುತ್ತಿಲ್ಲವೆನಿಸುವುದು, ಈ ಮೂರು ಅದರ ಗುರುತುಗಳು. ಮಕ್ಕಳನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದವರು ಮಾತು ಕಡಿಮೆ ಮಾಡಿ ಪಾಠ ಮುಗಿಸಿ ಹೊರಡುವಂತಾದರೆ ಅದನ್ನು ಸೋಮಾರಿತನವೆಂದು ತಿಳಿಯಬಾರದು. ಅಂಥವರಿಗೆ ಧ್ಯಾನ ಕಲಿಸುವ ಮುನ್ನ ಅವರ ಮೇಲಿರುವ ಹೆಚ್ಚುವರಿ ಹೊಣೆಗಳ ಪಟ್ಟಿ ತರಿಸಿ ಎರಡನ್ನಾದರೂ ಕಡಿಮೆ ಮಾಡಬೇಕು, ಶಾಲೆ ಬಿಟ್ಟ ಮೇಲೆ ಮೊಬೈಲಿಗೆ ಬರುವ ಸಂದೇಶಗಳಿಗೆ ಮರುದಿನ ಉತ್ತರಿಸಿದರೆ ಸಾಕೆಂಬ ನಿಯಮ ಲಿಖಿತವಾಗಿ ಬರಬೇಕು. ಆಪ್ತ ಸಮಾಲೋಚನೆಯ ಸೌಲಭ್ಯವಿರುವ ಕಡೆ, ಅಲ್ಲಿ ಆಡಿದ ಮಾತು ಆಡಳಿತದ ಕಿವಿಗೆ ಬೀಳುವುದಿಲ್ಲ ಎಂಬ ಭರವಸೆಯನ್ನು ಸೂಚನೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕು. ನಿದ್ದೆ, ಹಸಿವು ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ ಅಥವಾ ಬದುಕೇ ಬೇಡವೆಂಬ ಯೋಚನೆ ಬಂದರೆ ಅದು ಬರಿಯ ದಣಿವಲ್ಲ, ವೈದ್ಯರ ನೆರವು ಕೂಡಲೇ ಬೇಕು.

ದೀರ್ಘ ರಜೆಗೆ ಮುನ್ನ ಕಳುಹಿಸುವ ಕೊನೆಯ ಸೂಚನೆಯಲ್ಲಿ ಕಣ್ಣು, ಹಲ್ಲು, ಸಕ್ಕರೆ, ರಕ್ತದ ಪರೀಕ್ಷೆಗಳನ್ನು ರಜೆಯಲ್ಲಿ ಮಾಡಿಸಿಕೊಳ್ಳಿ ಎಂದು ಬರೆಯುವ ರೂಢಿಯಿದೆ. ಶಿಕ್ಷಕರಿಗೆ ಅದು ಸರಿಯಾದ ಮಾತು. ಆದರೆ ರಜೆಯ ತಿಂಗಳಿನಲ್ಲಿ ಸಂಬಳವಿಲ್ಲದ ಅಡುಗೆಯವರು, ಚಾಲಕರು, ಸಹಾಯಕರು ಆ ದಿನಗಳಲ್ಲಿ ಬೇರೆ ಕೂಲಿಗೆ ಹೋಗಿರುತ್ತಾರೆ. ಅವರ ತಪಾಸಣೆ ಶಾಲೆ ನಡೆಯುತ್ತಿರುವಾಗಲೇ, ಸಂಬಳದ ದಿನವೊಂದರಲ್ಲಿ, ಕೆಲಸದ ಅವಧಿಯೊಳಗೇ ನಡೆಯಬೇಕು. ದಿನಾಂಕವನ್ನು ಅವರನ್ನೇ ಕೇಳಿ ಗೊತ್ತುಮಾಡಿದರೆ ಬರುವವರ ಸಂಖ್ಯೆಯೂ ಹೆಚ್ಚುತ್ತದೆ.