ತಿಂಗಳ ಕೊನೆಯ ವಾರ ಸಿಗುವ ವಾಷಿಂಗ್ ಮಷೀನ್

ಜರ್ಮನಿಯಲ್ಲಿ ಬಾಡಿಗೆ ಮನೆ ಅಂದರೆ ಎಷ್ಟೋ ಕಡೆ ಬರೀ ಗೋಡೆ, ನೆಲ, ಕಿಟಕಿ. ಅಡುಗೆಮನೆಯಲ್ಲಿ ಕಟ್ಟೆ ಇರುವುದಿಲ್ಲ, ಸಿಂಕ್ ಇರುವುದಿಲ್ಲ, ಒಲೆಯಂತೂ ಇಲ್ಲವೇ ಇಲ್ಲ. ಚಾವಣಿಯಿಂದ ವೈರ್ ನೇತಾಡುತ್ತಿರುತ್ತದೆ, ದೀಪವನ್ನು ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಮೂರು ತಿಂಗಳ ಬಾಡಿಗೆಯಷ್ಟು ಡಿಪಾಸಿಟ್ ಕಟ್ಟಿ ಕೈ ಖಾಲಿಯಾದ ಹೊತ್ತಿಗೆ ಇದೆಲ್ಲ ಕಣ್ಣಿಗೆ ಬೀಳುತ್ತದೆ. ಆಗ ಹೊಸಬರು, ಹಳಬರು ಎಲ್ಲರೂ ತೆರೆಯುವುದು ಕ್ಲೈನ್‌ಆನ್‌ತ್ಸೈಗನ್. ನಮ್ಮ ಓಎಲ್‌ಎಕ್ಸ್ ಥರದ್ದು. ಮೊದಲು ಹೆಸರಿನ ಮುಂದೆ ಇಬೇ ಅಂತ ಇತ್ತು, 2023ರಲ್ಲಿ ಅದನ್ನು ಬಿಟ್ಟರು.

ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ನಮ್ಮ ಊಟದ ಟೇಬಲ್, ಸೋಫಾ, ವಾಷಿಂಗ್ ಮಷೀನ್ ಎಲ್ಲವೂ ಬೇರೆಯವರ ಮನೆಯಿಂದ ಬಂದವೇ. ವಿಡಿಯೋ ಕಾಲ್‌ನಲ್ಲಿ ಸೋಫಾ ತೋರಿಸಿದಾಗ ಅಮ್ಮ, "ಯಾರ್ಯಾರೋ ಕೂತಿದ್ದಲ್ವೇನೋ ಅದು" ಅಂದರು. ನಮ್ಮಲ್ಲಿ ಹಳೇ ಸಾಮಾನು ಮನೆಗೆಲಸದವರಿಗೋ ನೆಂಟರಿಗೋ ಹೋಗುತ್ತದೆ, ಇಲ್ಲಾಂದ್ರೆ ಗುಜರಿಗೆ. ಗುರುತಿಲ್ಲದವರ ಮನೆಯದನ್ನು ದುಡ್ಡು ಕೊಟ್ಟು ತರುವುದು ಅಂದರೆ ಸ್ವಲ್ಪ ಮುಜುಗರ. ಇಲ್ಲಿ ಆ ಮುಜುಗರ ಯಾರಿಗೂ ಇಲ್ಲ. ಕೈತುಂಬ ಸಂಬಳದ ಇಂಜಿನಿಯರ್ ಕೂಡ ಐದು ಯೂರೋ ದೀಪಕ್ಕೆ ನಾಲ್ಕು ಫೋಟೋ ತೆಗೆದು ಹಾಕುತ್ತಾನೆ. (ಹಾಸಿಗೆ ಮಾತ್ರ ನಾವು ಹೊಸದನ್ನೇ ತಂದೆವು, ಅಷ್ಟು ಧೈರ್ಯ ಇನ್ನೂ ಬಂದಿಲ್ಲ.)

ಇಲ್ಲಿ ಬೆಲೆ ಗೊತ್ತುಮಾಡುವುದು ಸಾಮಾನಲ್ಲ, ಕ್ಯಾಲೆಂಡರು. ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್. ಕರಾರು ಮುಗಿಯುವುದು ತಿಂಗಳ ಕೊನೆಯ ದಿನ. ಕೀ ಕೊಡುವ ಹೊತ್ತಿಗೆ ಮನೆ ಖಾಲಿಯಾಗಿ, ಗುಡಿಸಿ ಇರಬೇಕು. ಒಂದು ಬೀರು ಉಳಿದರೂ ಡಿಪಾಸಿಟ್‌ಗೆ ಕುತ್ತು. ದೊಡ್ಡ ಸಾಮಾನನ್ನು ಬೀದಿಗಿಡೋಣ ಅಂದರೆ ಪಾಲಿಕೆಯವರ ಹತ್ತಿರ ಮೊದಲೇ ದಿನ ಗೊತ್ತು ಮಾಡಿಕೊಳ್ಳಬೇಕು. ಹಾಗಾಗಿ ಹತ್ತನೇ ತಾರೀಕಿಗೆ ನೂರೈವತ್ತು ಯೂರೋ ಅನ್ನುತ್ತಿದ್ದ ಸೋಫಾ ಇಪ್ಪತ್ತೆಂಟಕ್ಕೆ "ಬಂದು ಎತ್ತಿಕೊಂಡು ಹೋದರೆ ಸಾಕು" ಅನ್ನುವ ಮಟ್ಟಕ್ಕೆ ಇಳಿದಿರುತ್ತದೆ. ಕೊಳ್ಳುವವರು ಕೊನೇ ವಾರಕ್ಕೆ ಕಾಯಬೇಕು. ಮಾರುವವರು ನೋಟಿಸ್ ಕೊಟ್ಟ ದಿನವೇ ಫೋಟೋ ಹಾಕಬೇಕು. ಉಳಿದ ಉಪಾಯವೆಲ್ಲ ಇದರ ಮುಂದೆ ಸಣ್ಣದು.

ಜಾಹೀರಾತು ಓದುವುದೇ ಒಂದು ಮಜಾ. "ಬಲಗಾಲಿನ ಹತ್ತಿರ ಎರಡು ಸೆಂಟಿಮೀಟರ್ ಗೀರು, ಫೋಟೋ ಮೂರು ನೋಡಿ. ಮನೆಯಲ್ಲಿ ಸಿಗರೇಟ್ ಸೇದುವವರಿಲ್ಲ, ನಾಯಿ ಬೆಕ್ಕು ಇಲ್ಲ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ." ತಮ್ಮ ಸಾಮಾನಿನ ಕೊರತೆಯನ್ನು ಇಷ್ಟು ಸಲೀಸಾಗಿ ಹೇಳುತ್ತಾರಲ್ಲ ಅಂತ ಮೊದಲು ಅನಿಸಿತ್ತು. ಬರೀ ಒಳ್ಳೇತನ ಅಲ್ಲ, ಕಾನೂನೂ ಇದೆ. ಇಲ್ಲಿ ಅಂಗಡಿಯವರಲ್ಲದೆ ನಮ್ಮಂಥವರು ಮನೆಯಿಂದಲೇ ಮಾರಿದರೂ, ಕೊಡುವಾಗಲೇ ಇದ್ದ ದೋಷಕ್ಕೆ ಎರಡು ವರ್ಷ ಹೊಣೆ ಬರಬಹುದು. ಅದಕ್ಕೇ ಪ್ರತಿ ಜಾಹೀರಾತಿನ ಕೊನೆಯಲ್ಲಿ "ಖಾಸಗಿ ಮಾರಾಟ, ಹೊಣೆ ಇಲ್ಲ, ವಾಪಸ್ ಇಲ್ಲ" ಅಂತ ಒಂದು ಸಾಲು ಬರೆಯುತ್ತಾರೆ. ಆದರೆ ಗೊತ್ತಿದ್ದೂ ಮುಚ್ಚಿಟ್ಟರೆ ಆ ಸಾಲು ಕೆಲಸಕ್ಕೆ ಬರುವುದಿಲ್ಲ. ಗೀರನ್ನು ತೋರಿಸಿಬಿಟ್ಟರೆ ತಲೆನೋವೇ ಇಲ್ಲ, ಅಲ್ವಾ?

ಚೌಕಾಶಿ ಇದೆ, ಆದರೆ ಮನೆ ಬಾಗಿಲಲ್ಲಿ ಅಲ್ಲ. ಬೆಲೆಯ ಪಕ್ಕ ವಿಬಿ ಅಂತ ಎರಡು ಅಕ್ಷರ ಇದ್ದರೆ ಸ್ವಲ್ಪ ಇಳಿಸುತ್ತಾರೆ ಅಂತ ಅರ್ಥ. ಕೇಳುವುದನ್ನು ಮೆಸೇಜ್‌ನಲ್ಲೇ ಕೇಳಬೇಕು, ಅದೂ ಮೊದಲು ನಮಸ್ಕಾರ ಹೇಳಿ, ಕೊನೆಗೆ ಹೆಸರು ಹಾಕಿ. "ಲಾಸ್ಟ್ ಎಷ್ಟು?" ಅಂತ ಒಂದೇ ಸಾಲು ಕಳಿಸುವವರನ್ನು ಕಂಡರೆ ಜರ್ಮನ್ನರಿಗೆ ಆಗುವುದಿಲ್ಲ. ಉತ್ತರವನ್ನೂ ಕೊಡುವುದಿಲ್ಲ. ಒಪ್ಪಿಕೊಂಡು ಹೋಗಿ ಬಾಗಿಲಲ್ಲಿ ಹತ್ತು ಯೂರೋ ಕಡಿಮೆ ಮಾಡಿ ಅಂದರೆ ಮುಖ ಗಂಟಿಕ್ಕುತ್ತಾರೆ. ಕೆ.ಆರ್. ಮಾರ್ಕೆಟ್‌ನಲ್ಲಿ ಪಳಗಿದ ನಾಲಿಗೆಯನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಬೇಕು.

ನಮ್ಮ ವಾಷಿಂಗ್ ಮಷೀನ್ ಮಾರಿದ್ದು ಒಬ್ಬರು ಅಜ್ಜಿ. ನಾನು ಹೋಗುವಷ್ಟರಲ್ಲಿ ಒಂದು ಸುತ್ತು ಖಾಲಿ ಓಡಿಸಿ, ನೀರು ಸೋರದ್ದನ್ನು ತೋರಿಸಲು ಕೆಳಗೆ ಪೇಪರ್ ಹಾಸಿಟ್ಟಿದ್ದರು. ಆಮೇಲೆ ಡ್ರಾಯರ್‌ನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ನಾಲ್ಕು ಉದ್ದನೆಯ ಬೋಲ್ಟು, ಜೊತೆಗೆ ಹಳೇ ಬಿಲ್ಲು. ಮಷೀನಿನ ಡ್ರಮ್ ಸ್ಪ್ರಿಂಗ್ ಮೇಲೆ ತೂಗುತ್ತಿರುತ್ತದೆ. ಸಾಗಿಸುವಾಗ ಹಿಂದಿನಿಂದ ಈ ಬೋಲ್ಟು ಬಿಗಿದರೆ ಅಲ್ಲಾಡುವುದಿಲ್ಲ, ಮನೆ ತಲುಪಿದ ಮೇಲೆ ಬಿಚ್ಚಬೇಕು. ಯಾರಾದರೂ ಹಳೇ ಮಷೀನ್ ಕೊಳ್ಳುವಾಗ "ಬೋಲ್ಟು ಇದೆಯಾ" ಅಂತ ಕೇಳಿ. ಇಟ್ಟುಕೊಂಡವರು ಮಷೀನನ್ನೂ ಚೆನ್ನಾಗಿ ನೋಡಿಕೊಂಡಿರುತ್ತಾರೆ ಅಂತ ನನ್ನ ಲೆಕ್ಕ.

ಮೋಸಗಾರರು ಇಲ್ಲೂ ಇದ್ದಾರೆ. ಜಾಹೀರಾತು ಹಾಕಿದ ಹತ್ತೇ ನಿಮಿಷಕ್ಕೆ "ವಾಟ್ಸಾಪ್‌ಗೆ ಬನ್ನಿ, ದುಡ್ಡು ಕಟ್ಟಿದ್ದೇನೆ, ಈ ಲಿಂಕ್‌ನಲ್ಲಿ ಕಾರ್ಡ್ ನಂಬರ್ ಹಾಕಿ ತಗೊಳ್ಳಿ" ಅಂತ ಮೆಸೇಜ್ ಬರುತ್ತದೆ. ಊರಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದುಡ್ಡು ತಗೊಳ್ಳಿ ಅನ್ನುತ್ತಾರಲ್ಲ, ಅದೇ ಆಟ. ಮನೆಗೆ ಬಂದು, ನೋಡಿ, ನೋಟು ಕೊಟ್ಟು ಒಯ್ಯುವವರಿಗೇ ನಾವು ಮಾರುವುದು. ಇನ್ನು ತೆರಿಗೆ ವಿಷಯ: ವರ್ಷಕ್ಕೆ 30 ಮಾರಾಟ ಆದರೆ ಅಥವಾ 2000 ಯೂರೋ ದಾಟಿದರೆ ತಾಣದವರು ತೆರಿಗೆ ಇಲಾಖೆಗೆ ವಿವರ ಕಳಿಸಬೇಕು. ಮನೆಯಲ್ಲಿ ಬಳಸಿದ ಸಾಮಾನು ಮಾರಿದ್ದಕ್ಕೆ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ, ಸುಮ್ನೆ ಹೆದರಬೇಡಿ.

ಒಂದು ಸಾಮಾನು ಮಾತ್ರ ಈ ತಾಣದವರೆಗೂ ಹೋಗುವುದೇ ಇಲ್ಲ, ಊರಿಂದ ತಂದ ಮಿಕ್ಸಿ. ಇಲ್ಲಿಯೂ 230 ವೋಲ್ಟ್ ಇರುವುದರಿಂದ ಆರಾಮಾಗಿ ಓಡುತ್ತದೆ, ಪ್ಲಗ್ ಮಾತ್ರ ಬೇರೆ. ಯಾರಾದರೂ ಬೆಂಗಳೂರಿಗೆ ವಾಪಸ್ ಹೊರಟರೆ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ "ಮಿಕ್ಸಿ, ಇಡ್ಲಿ ಸ್ಟ್ಯಾಂಡ್, ತುರಿಯೋಮಣೆ ಇದೆ" ಅಂತ ಬರುತ್ತದೆ, ಐದು ನಿಮಿಷದಲ್ಲಿ "ನನಗಿರಲಿ" ಅಂತ ಉತ್ತರ. ಬೆಲೆ ಯಾರೂ ಕೇಳುವುದಿಲ್ಲ. ಒಯ್ಯಲು ಹೋದವರಿಗೆ ಕಾಫಿ, ಜೊತೆಗೆ ಮುಗಿಯದೆ ಉಳಿದ ಉದ್ದಿನಬೇಳೆ, ಸಾರಿನ ಪುಡಿಯೂ ಸಿಗುತ್ತದೆ.